ಅಧ್ಯಕ್ಷರೇ, ಆ ಕಲೆ ನೇರಳೆ ಹಣ್ಣಿನದಲ್ಲ

ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದ ಅಧ್ಯಕ್ಷರಿಗೆ,

ಈಜುಕೊಳದ ಒಳಗೆ ಹಾಸಿದ ಪ್ಲಾಸ್ಟಿಕ್ ಲೈನರ್ ಕಲೆಗಟ್ಟಿದೆ, ಕಿತ್ತು ಹೊಸದು ಹಾಕಿಸಬೇಕು ಎಂಬ ವಿಷಯ ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿದೆ. ಅಷ್ಟರಲ್ಲೇ ಲಿಫ್ಟಿನ ಪಕ್ಕ ನೋಟಿಸು ಬಿದ್ದಿದೆ: ಮಕ್ಕಳು ನೇರಳೆ ಹಣ್ಣು ತಿಂದು ನೀರಿಗಿಳಿಯಬಾರದಂತೆ. ಕೊಳ ನೋಡಿಕೊಳ್ಳುವ ಹುಡುಗನ ಅರ್ಧ ಸಂಬಳವನ್ನೂ ತಡೆಹಿಡಿದಿದ್ದೀರಿ. ತೀರ್ಪು ಬಂದಾಯಿತು, ವಿಚಾರಣೆಯೊಂದು ಬಾಕಿ.

ಹಣ್ಣು, ಎಲೆ, ಪಾಚಿಯ ಕಲೆ ಕ್ಲೋರಿನ್ ಹೆಚ್ಚಿಸಿದರೆ ಮಾಸುತ್ತದೆ. ನಮ್ಮಲ್ಲಿ ಆದದ್ದು ತಿರುಗುಮುರುಗು. ಭಾರಿ ಡೋಸ್ ಸುರಿದ ಮೇಲೆಯೇ ಮೆಟ್ಟಿಲುಗಳ ಮೇಲೆ, ನೀರು ಒಳಬರುವ ಬಾಯಿಗಳ ಸುತ್ತ ಇಟ್ಟಿಗೆ ಬಣ್ಣ ಮೂಡಿತು. ಕಬ್ಬಿಣ ನಡೆದುಕೊಳ್ಳುವುದು ಹೀಗೆ. ಕರಗಿರುವಷ್ಟು ಹೊತ್ತು ಕಣ್ಣಿಗೆ ಬೀಳದು. ಕ್ಲೋರಿನ್ ತಗುಲಿದಾಗ, ಪಿಎಚ್ ಏರಿದಾಗ ತುಕ್ಕಾಗಿ ಲೈನರ್ ಮೇಲೆ ಕೂರುತ್ತದೆ. (ಪಾಚಿಗೆಂದು ಮೈಲುತುತ್ತ ಸುರಿಯುವ ಕಡೆ ತಾಮ್ರದ ನೀಲಿ-ಹಸಿರು ಕಲೆ ಬೀಳುವುದುಂಟು. ನಮ್ಮದು ಅದಲ್ಲ.)

ಕಬ್ಬಿಣ ಎಲ್ಲಿಂದ ಬಂತು? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದಿತು. ಅಂದಿನಿಂದ ನಾವು ಬಿಡುತ್ತಿರುವುದು ಬೋರ್‌ವೆಲ್ ನೀರು. ಆದೇಶ ನ್ಯಾಯವಾದದ್ದೇ, ಜನ ಕೊಡ ಹಿಡಿದು ನಿಂತಿರುವಾಗ ಕಾವೇರಿ ನೀರಿನಲ್ಲಿ ಈಜುವುದು ಶೋಭೆಯಲ್ಲ. ಆದರೆ ಆ ಬೋರ್‌ವೆಲ್ ನೀರನ್ನು ನಾವು ಒಮ್ಮೆಯೂ ಲ್ಯಾಬಿಗೆ ಕಳಿಸಲಿಲ್ಲ.

ನನ್ನ ಮಾತನ್ನೂ ನಂಬಬೇಡಿ. ಮೆಡಿಕಲ್ ಶಾಪಿನ ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಷ್ಟು ಜಾಗ ತಿಳಿಯಾದರೆ ಅದು ಲೋಹದ ಕಲೆ, ಹೆಚ್ಚುಕಡಿಮೆ ಕಬ್ಬಿಣವೇ. ಕ್ಲೋರಿನ್ ಮಾತ್ರೆಯನ್ನು ಮಾತ್ರ ಲೈನರ್ ಮೇಲೆ ಬಿಟ್ಟುಬಿಡಬೇಡಿ, ಬಣ್ಣವೇ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ.

ಕಬ್ಬಿಣವೆಂದು ಖಾತ್ರಿಯಾದರೆ ಮದ್ದೂ ಅದೇ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ. ಮೊದಲು ಕ್ಲೋರಿನ್ ಮಟ್ಟ ಸೊನ್ನೆಯ ಹತ್ತಿರ ಇಳಿಯಲು ಬಿಡಬೇಕು. ಇಲ್ಲದಿದ್ದರೆ ಪುಡಿಯನ್ನೆಲ್ಲ ಅದೇ ನುಂಗಿಹಾಕುತ್ತದೆ. ಆಮೇಲೆ ಪಂಪು ಓಡುತ್ತಿರುವಾಗ ಸಾವಿರ ಲೀಟರಿಗೆ ಸುಮಾರು 6 ಗ್ರಾಂ ಲೆಕ್ಕದಲ್ಲಿ ಪುಡಿ. ಲಕ್ಷ ಲೀಟರಿನ ಕೊಳಕ್ಕೂ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಕಲೆ ಮಾಯವಾಯಿತೆಂದು ಅಲ್ಲಿಗೇ ಕೈತೊಳೆದುಕೊಳ್ಳುವಂತಿಲ್ಲ. ಕಬ್ಬಿಣ ಮತ್ತೆ ನೀರಿಗೆ ಸೇರಿತು, ಕೊಳದಿಂದ ಹೊರಗೆ ಹೋಗಲಿಲ್ಲ. ಅದನ್ನು ಕಟ್ಟಿಹಿಡಿಯುವ ರಾಸಾಯನಿಕ ಹಾಕಿ, ಇಳಿದ ಪಿಎಚ್ ಅನ್ನು 7.2ರ ಆಸುಪಾಸಿಗೆ ತಂದು, ಕ್ಲೋರಿನನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಅಲ್ಲಿಯವರೆಗೆ ಯಾರೂ ನೀರಿಗಿಳಿಯಕೂಡದು. ತಂತಿ ಬ್ರಷ್ಷಿನ ಮಾತೇ ಬೇಡ. ಕೊಳ ಪೂರ್ತಿ ಬರಿದು ಮಾಡುವುದೂ ಬೇಡ, ಹಳೇ ಲೈನರ್ ಕುಗ್ಗಿ ಹರಿಯುತ್ತದೆ.

ಆಳವಿಲ್ಲದ ತುದಿಯ ಗುಲಾಬಿ ಮಚ್ಚೆ ಬೇರೆಯೇ ಕಥೆ. ಲೈನರಿನ ಅಡಿಯಲ್ಲಿ ಬೆಳೆವ ಸೂಕ್ಷ್ಮಜೀವಿಗಳ ಬಣ್ಣ ಪ್ಲಾಸ್ಟಿಕ್ಕನ್ನೇ ತೂರಿ ಮೇಲೇಳುತ್ತದೆ. ಮೇಲಿಂದ ಉಜ್ಜಿ ಫಲವಿಲ್ಲ. ಅಡಿಯ ತೇವ ನೋಡಿಕೊಳ್ಳದೆ ಹೊಸ ಲೈನರ್ ಹಾಸಿದರೆ ಅಲ್ಲೂ ಬರಬಹುದು. ಗುತ್ತಿಗೆದಾರರ ಕೊಟೇಶನ್ನಿನಲ್ಲಿ ಈ ಮಾತೇ ಇಲ್ಲ.

ಆದ್ದರಿಂದ ಲೈನರ್ ಖರೀದಿಯನ್ನು ಸಭೆಯಿಂದ ಕೈಬಿಟ್ಟು, ಬೋರ್‌ವೆಲ್ ನೀರಿನ ಪರೀಕ್ಷೆಗೂ ಕಬ್ಬಿಣ ಸೋಸುವ ಫಿಲ್ಟರಿಗೂ ಮಂಜೂರಾತಿ ಕೇಳಿ. ಲಿಫ್ಟಿನ ಪಕ್ಕದ ನೋಟಿಸು ತೆಗೆಸಿ. ಹುಡುಗನ ಸಂಬಳ ಮಾತ್ರ ಸಭೆಯವರೆಗೆ ಕಾಯಬಾರದು, ಈ ವಾರವೇ ಕೊಡಿಸಿ.

ಇಂತಿ,
ಬಿ ಬ್ಲಾಕಿನ ನಿವಾಸಿ