ನೆಲ ಬಿಸಿ ಮಾಡೋ ಗುಂಡಿ ಯಾರ ಕೈಲಿರಬೇಕು?

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯೋ ಹೊತ್ತಿಗೆ ಜರ್ಮನಿ, ನೆದರ್ಲೆಂಡ್ಸ್ ಕಡೆ ಇರೋ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತೆ: "ಹೊಸ ಮನೇಲಿ ಫ್ಲೋರ್ ಹೀಟಿಂಗ್ ಇದೆ, ಯಾವ ಸ್ಮಾರ್ಟ್ ಥರ್ಮೋಸ್ಟಾಟ್ ತಗೊಳ್ಳಲಿ?" ಜೊತೆಗೆ ಮೂರು ಲಿಂಕು. ಮೂರರಲ್ಲೂ ಬಿಳಿ ಗೋಡೆ, ಬಿಳಿ ಡಬ್ಬಿ, ಪಕ್ಕದಲ್ಲಿ ಫೋನ್ ಹಿಡಿದು ನಗೋ ದಂಪತಿ. ಆ ಚಿತ್ರದಲ್ಲಿ ವಯಸ್ಸಾದವರು ಯಾರೂ ಇರಲ್ಲ. ನನ್ನ ಜಗಳ ಇರೋದೇ ಅಲ್ಲಿ.

ಮುಂಡಗೋಡದಲ್ಲಿ ಬೆಳೆದವನಿಗೆ ದುಡ್ಡು ಕೊಟ್ಟು ನೆಲ ಬಿಸಿ ಮಾಡ್ತಾರೆ ಅಂದ್ರೆ ಮೊದಲು ನಗು ಬರುತ್ತೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಆ ಕೆಲಸ ಸೂರ್ಯನೇ ಪುಕ್ಕಟೆ ಮಾಡ್ತಾನೆ. ಆದ್ರೆ ಈ ವ್ಯವಸ್ಥೆ ಅರ್ಥ ಆಗಬೇಕು ಅಂದ್ರೆ ನಮ್ಮ ಬಚ್ಚಲಮನೆ ಹಂಡೆಗಿಂತ ಒಳ್ಳೇ ಉದಾಹರಣೆ ಇಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದ್ರೆ ಮನೆಮಂದಿಯೆಲ್ಲ ಮಿಂದು ಮುಗಿಸೋ ತನಕ ನೀರು ಬಿಸಿ ಇರುತ್ತೆ. ಹಾಗಂತ ಆರಿದ ಹಂಡೆಯನ್ನ ಐದು ನಿಮಿಷದಲ್ಲಿ ಕಾಯಿಸ್ತೀನಿ ಅಂದ್ರೆ ಆಗಲ್ಲ, ಎಷ್ಟು ಕಟ್ಟಿಗೆ ತುರುಕಿದ್ರೂ ಅಷ್ಟೇ. ಯುರೋಪಿನ ಹೊಸ ಮನೆಗಳಲ್ಲಿ ಟೈಲ್ಸ್ ಕೆಳಗಿನ ಸಿಮೆಂಟಿನೊಳಗೆ ಪೈಪು ಸುತ್ತಿಸಿ, ಅದರಲ್ಲಿ 35-40 ಡಿಗ್ರಿಯ ನೀರು ಓಡಿಸ್ತಾರೆ. 100 ಚದರ ಮೀಟರ್ ಮನೆ, 6 ಸೆಂಟಿಮೀಟರ್ ದಪ್ಪದ ಸಿಮೆಂಟು ಅಂತ ಲೆಕ್ಕ ಹಾಕಿ. 6 ಘನ ಮೀಟರ್ ಆಯ್ತು, ಹತ್ತಿರ ಹತ್ತಿರ 12 ಟನ್. ನೀವು ಕೊಂಡಿರೋದು 12 ಟನ್ನಿನ ಒಂದು ಹಂಡೆ.

ಈಗ ಆಪ್ ಏನು ಹೇಳುತ್ತೆ ನೋಡ್ರಿ. "ನೀವು ಆಫೀಸ್ ಬಿಟ್ಟಾಗ ನಿಮ್ಮ ಫೋನ್ ನೋಡಿ ಮನೆ ಬಿಸಿ ಮಾಡ್ತೀನಿ." 12 ಟನ್ ಸಿಮೆಂಟು ಬಿಸಿಯಾಗೋಕೆ ಗಂಟೆಗಟ್ಟಲೆ ಬೇಕು, ನಿಮ್ಮ ರೈಲು ಇಪ್ಪತ್ತು ನಿಮಿಷದಲ್ಲಿ ಬಂದಿರುತ್ತೆ. ನೀವು ಉಂಡು ಮಲಗೋ ಹೊತ್ತಿಗೆ ಖಾಲಿ ಹಾಲ್ ಬೆಚ್ಚಗಾಗಿರುತ್ತೆ. ಇಂಥ ಲೆಕ್ಕ ಗೋಡೆಗೆ ನೇತು ಹಾಕಿದ ರೇಡಿಯೇಟರಿಗೆ ಸರಿ, ನೆಲಕ್ಕಲ್ಲ. ಹೀಟ್ ಪಂಪ್ ಇದ್ದರಂತೂ ಆಗಾಗ ಆರಲು ಬಿಟ್ಟು ಆಮೇಲೆ ಅವಸರ ಮಾಡೋದು ನಷ್ಟದ ಬಾಬತ್ತು. ಅವಸರಕ್ಕೆ ನೀರು ಹೆಚ್ಚು ಬಿಸಿಯಾಗಬೇಕು, ಹೆಚ್ಚು ಬಿಸಿ ಮಾಡಿದಷ್ಟೂ ಪಂಪಿನ ದಕ್ಷತೆ ಇಳಿಯುತ್ತೆ. ಮಿತಿಯೂ ಉಂಟು. ಜನ ಓಡಾಡೋ ಕೋಣೆಯ ನೆಲ 29 ಡಿಗ್ರಿ ದಾಟಬಾರದು ಅಂತ ಯುರೋಪಿನ ಮಾನಕ ಇಎನ್ 1264 ಹೇಳುತ್ತೆ.

ಹಾಗಾದ್ರೆ ನಿಜವಾದ ಕಂಟ್ರೋಲ್ ಎಲ್ಲಿದೆ? ಹೊರಗಿನ ಚಳಿ ನೋಡಿ ನೀರಿನ ಬಿಸಿ ಏರಿಸೋ ಇಳಿಸೋ ಒಂದು ಸೆಟ್ಟಿಂಗ್ ಬಾಯ್ಲರಿನಲ್ಲೋ ಹೀಟ್ ಪಂಪಿನಲ್ಲೋ ಇರುತ್ತೆ, ಹೀಟಿಂಗ್ ಕರ್ವ್ ಅಂತ. ಜೊತೆಗೆ ಯಾವ ಕೋಣೆಯ ಪೈಪಿಗೆ ಎಷ್ಟು ನೀರು ಹೋಗಬೇಕು ಅನ್ನೋ ವಾಲ್ವುಗಳು. ಮೊದಲ ಚಳಿಗಾಲದಲ್ಲಿ ಕೂತು ಇವೆರಡನ್ನ ಸರಿ ಮಾಡಿಕೊಂಡ್ರೆ ಮುಕ್ಕಾಲು ಪಾಲು ಕೆಲಸ ಮುಗೀತು. ಇದಕ್ಕೆ ಆಪ್ ಬೇಡ, ಸಬ್‌ಸ್ಕ್ರಿಪ್ಶನ್ ಬೇಡ. ಅದಕ್ಕೇ ಇದರ ಜಾಹೀರಾತು ಯಾರೂ ಹಾಕಲ್ಲ.

ಇನ್ನು ಆಯುಷ್ಯದ ಮಾತು. ಸಿಮೆಂಟಿನೊಳಗಿನ ಪೈಪು ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತೆ. ಆಪ್? ರಿವಾಲ್ವ್ ಅನ್ನೋ ಸ್ಮಾರ್ಟ್ ಹೋಮ್ ಹಬ್ಬನ್ನು ಅದನ್ನ ಕೊಂಡುಕೊಂಡ ಕಂಪನಿಯೇ 2016ರ ಮೇ ತಿಂಗಳಲ್ಲಿ ನಿಲ್ಲಿಸಿತು, ಜನರ ಮನೇಲಿ ಉಳಿದದ್ದು ಖಾಲಿ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಹೇಳದೇ ಕೇಳದೇ ಆಫ್ ಆದವು. ಗೂಗಲ್ಲಿನ ನೆಸ್ಟ್ ಥರ್ಮೋಸ್ಟಾಟುಗಳ ಮೊದಲೆರಡು ತಲೆಮಾರಿಗೆ 2025ರ ಅಕ್ಟೋಬರ್ 25ಕ್ಕೆ ಆಪ್ ಸಂಪರ್ಕ ಕಡಿದುಹೋಯ್ತು. ಆದ್ರೆ ಆ ನೆಸ್ಟ್ ಸತ್ತಿಲ್ಲ. ಗೋಡೆ ಮೇಲಿನ ಉಂಗುರ ತಿರುಗಿಸಿದ್ರೆ ಆಮೇಲೂ ಕೆಲಸ ಮಾಡುತ್ತೆ. ಅದನ್ನ ಉಳಿಸಿದ್ದು ಕ್ಲೌಡ್ ಅಲ್ಲ, ಕೈಗೆ ಸಿಗೋ ಉಂಗುರ.

ಇಷ್ಟೆಲ್ಲ ತಾಂತ್ರಿಕ ಮಾತು. ನನಗೆ ಸಿಟ್ಟು ಬರಿಸಿದ್ದು ಬೇರೆ.

ಮ್ಯೂನಿಕ್ ಹತ್ತಿರ ಇರೋ ನನ್ನ ಗೆಳೆಯನೊಬ್ಬನ ಮನೆಗೆ ಅಪ್ಪ-ಅವ್ವ ಬಂದಿದ್ರು, ಸೊಸೆಯ ಬಾಣಂತನಕ್ಕೆ. ನವೆಂಬರ್ ತಿಂಗಳು. ಪ್ರತಿ ಕೋಣೆಯಲ್ಲೂ ಬೆಂಕಿಪೊಟ್ಟಣದಷ್ಟು ಬಿಳಿ ಸೆನ್ಸರ್, ಅದರ ಮೇಲೆ ಅಂಕಿ ಇಲ್ಲ, ಗುಂಡಿ ಇಲ್ಲ. ಮಗ ತನ್ನ ಫೋನಿನಲ್ಲಿ 20ಕ್ಕೆ ಇಟ್ಟು ಆಫೀಸಿಗೆ ಹೋಗ್ತಾನೆ. ಅಪ್ಪ ಮಂಕಿ ಕ್ಯಾಪ್ ಹಾಕ್ಕೊಂಡು ಸೋಫಾದಲ್ಲಿ ಕೂತು ಫೋನ್ ಮಾಡ್ತಾರೆ: "ಸ್ವಲ್ಪ ಬೆಚ್ಚಗ ಮಾಡಪಾ." ಮೊದಲ ದಿನ ಕೇಳಿದ್ರು, ಎರಡನೇ ದಿನ ಕೇಳಿದ್ರು. ಮಗ ಮೀಟಿಂಗಿನಲ್ಲಿದ್ದ. ಮೂರನೇ ದಿನದಿಂದ ಕೇಳೋದು ಬಿಟ್ರು, ಎರಡು ಕಂಬಳಿ ಹೊದ್ದು ಕೂತ್ರು. ರಾತ್ರಿ ಕರೆಂಟ್ ಬಂದ ಹೊತ್ತಿಗೆ ಒಬ್ಬರೇ ಗದ್ದೆಗೆ ಹೋಗಿ ಪಂಪ್‌ಸೆಟ್ ಹಾಕಿ ನೀರು ಹಾಯಿಸಿ ಬರ್ತಿದ್ದ ಮನುಷ್ಯ ಅವರು. ಕೂತ ಜಾಗ ಬೆಚ್ಚಗಾಗೋಕೆ ಮಗನ ಪರ್ಮಿಶನ್ ಕೇಳಬೇಕು. "ಅವರ ಫೋನಿಗೂ ಆಕ್ಸೆಸ್ ಕೊಟ್ಟಿದೀನಲ್ಲ" ಅಂದ ಗೆಳೆಯ. ಆಪ್ ಇರೋದು ಜರ್ಮನ್ ಮತ್ತು ಇಂಗ್ಲಿಷಿನಲ್ಲಿ. ಅಪ್ಪ ಓದೋದು ಕನ್ನಡ.

ಇದು ಪರದೇಶದ ರೋಗ ಮಾತ್ರ ಅಂದ್ಕೋಬೇಡಿ. ಬೆಂಗಳೂರಲ್ಲಿ ಕೂತ ನಾವೂ ಊರಿನ ಮನೆಗೆ ಇದನ್ನೇ ಮಾಡ್ತಿದೀವಿ. ಹಂಡೆ ತೆಗೆಸಿ ಗೀಸರ್ ಹಾಕಿಸಿದೀವಿ, ಒಳ್ಳೇದೇ. ಅವ್ವನ ಕಣ್ಣು ಹೊಗೆ ಕುಡಿದದ್ದು ಸಾಕು, ಹಂಡೆ ಬಗ್ಗೆ ಕವಿತೆ ಬರೆಯೋರು ಒಂದು ತಿಂಗಳು ಒಲೆ ಊದಿ ನೋಡ್ಲಿ. ಆದ್ರೆ ಆ ಗೀಸರಿಗೆ ವೈಫೈ ಪ್ಲಗ್ ಸಿಕ್ಕಿಸಿ, ಆನ್ ಮಾಡೋ ಅಧಿಕಾರವನ್ನ ಜೇಬಲ್ಲಿ ಇಟ್ಕೊಂಡು ಬಂದಿದೀವಿ. ಮಳೆಗಾಲದಲ್ಲಿ ಹೆಸ್ಕಾಂ ಕರೆಂಟು ಹೋಗಿ ಬಂದಾಗ ರೌಟರ್ ಏಳಬೇಕು, ನೆಟ್ ಬರಬೇಕು, ಪ್ಲಗ್ ಮತ್ತೆ ಅದಕ್ಕೆ ಜೋಡಿಸ್ಕೋಬೇಕು. ಅಷ್ಟೊತ್ತಿಗೆ ಅವ್ವ ತಣ್ಣೀರು ಮಿಂದು ದೇವರ ಮುಂದೆ ಕೂತಿರ್ತಾಳೆ. ಗೀಸರಿನೊಳಗೆ ಥರ್ಮೋಸ್ಟಾಟ್ ಇದ್ದೇ ಇದೆ, ನೀರು ಕಾದ ಮೇಲೆ ತಾನೇ ಕಟ್ ಆಗುತ್ತೆ. ನಿಮ್ಮ ಪ್ಲಗ್ ಅದಕ್ಕೆ ಹೊಸದಾಗಿ ಸೇರಿಸಿದ್ದೇನು? ಅಂದಹಾಗೆ 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತೆ. 10 ಆಂಪಿಯರ್ ಪ್ಲಗ್ ಹಾಕಿದ್ರೆ ಅದು ಕರಗೋ ದಿನ ದೂರ ಇಲ್ಲ.

"ನೀನೇ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು, ನೀನು ಹೀಗಂದ್ರೆ ಹೇಗೆ?" ಅಂತಾರೆ. ಬರೆಯೋದರಿಂದಲೇ ಹೇಳ್ತಿರೋದು. ಯಾವ ಸರ್ವಿಸ್ ಯಾವಾಗ ಬೀಳುತ್ತೆ, ಯಾವ ಪ್ರಾಡಕ್ಟಿನ ಬಜೆಟ್ ಯಾವಾಗ ಕತ್ತರಿ ಬೀಳುತ್ತೆ ಅಂತ ಒಳಗಿರೋರಿಗೆ ಗೊತ್ತು. ಸ್ಮಾರ್ಟ್ ಬೇಡವೇ ಬೇಡ ಅಂತಲೂ ನಾನು ಹೇಳಲ್ಲ. ಜಿಗ್ಬೀ, ಮ್ಯಾಟರ್ ಥರದ್ದು, ಮನೆಯೊಳಗೇ ಓಡೋ ಹೋಮ್ ಅಸಿಸ್ಟೆಂಟ್ ಥರದ್ದು ತಗೊಳ್ಳಿ. ದುಡ್ಡು ಕೊಡೋ ಮೊದಲು ರೌಟರ್ ಆಫ್ ಮಾಡಿ ಕೆಲಸ ಮಾಡುತ್ತಾ ನೋಡಿ. ಆಮೇಲೆ ಇಂಗ್ಲಿಷ್ ಬಾರದ ಒಬ್ಬರನ್ನ ಕರೆದು, ನೀವು ಬಾಯಿ ಬಿಡದೇ, ಎರಡು ಡಿಗ್ರಿ ಜಾಸ್ತಿ ಮಾಡೋಕೆ ಹೇಳಿ. ಅವರು ನಿಮ್ಮ ಮುಖ ನೋಡಿದ್ರೆ ಆ ಡಬ್ಬಿ ವಾಪಸ್ ಕಳಿಸಿ.

ಇನ್ನೊಂದು ವಾದ ಬಿಲ್ಲಿನದು. "ಅಪ್ಪ 26ಕ್ಕೆ ಇಟ್ಟುಬಿಡ್ತಾರೆ." ಗರಿಷ್ಠ ಮಿತಿ ಹಾಕೋ ಥರ್ಮೋಸ್ಟಾಟುಗಳು ಸಿಗ್ತವೆ, 23ಕ್ಕೆ ಮಿತಿ ಹಾಕಿ, ಅದರ ಕೆಳಗೆ ಎಲ್ಲಿ ಬೇಕಾದ್ರೂ ತಿರುಗಿಸ್ಕೊಳ್ಲಿ. ಅದಕ್ಕೂ ಮೀರಿ ಜಗಳ ಬಂದ್ರೆ ಊಟಕ್ಕೆ ಕೂತಾಗ ಎದುರೆದುರೇ ಆಡಿ. ಆಫೀಸಲ್ಲಿ ಕೂತು ಬೆರಳಲ್ಲಿ ತಳ್ಳಿ ಗೆಲ್ಲೋದು ಜಗಳ ಅಲ್ಲ.

ಮನೆ ಇನ್ನೂ ಕಟ್ಟುತ್ತಿದ್ರೆ ಪ್ಲಾಸ್ಟರಿಂಗ್ ಮುಂಚೆಯೇ ಎಲೆಕ್ಟ್ರಿಶಿಯನ್ನಿಗೆ ಹೇಳಿಬಿಡಿ: ಪ್ರತಿ ಕೋಣೆಗೂ ವಾಲ್ವುಗಳ ಪೆಟ್ಟಿಗೆಯಿಂದ ಒಂದು ವೈರು, ಗೋಡೆ ಮೇಲೆ ಎದೆಮಟ್ಟಕ್ಕೆ ತಿರುಗಿಸೋ ಗುಂಡಿ, ಅಂಕಿ ದೊಡ್ಡದಾಗಿರಲಿ. "ಎಲ್ಲಾ ವೈರ್‌ಲೆಸ್ ಮಾಡ್ಕೊಳ್ಳಿ, ಈಗ ಯಾರೂ ಹಿಂಗೆ ಹಾಕಿಸಲ್ಲ" ಅಂತಾನೆ. ಹಾಕು ಅನ್ನಿ.