ಹಳೆ ಕಾರಿಗೆ ನಾಚಿಕೆ ಯಾಕೆ?

ಮಳೆಗಾಲದ ಬೆಳಗ್ಗೆ ಎಂಟೂವರೆಗೆ ತೊಕ್ಕೊಟ್ಟು, ಫರಂಗಿಪೇಟೆ, ಸುರತ್ಕಲ್ ಕಡೆಯ ಯಾವ ರಸ್ತೆಯಲ್ಲಿ ನಿಂತರೂ ಕಾಣುವ ನೋಟ ಒಂದೇ. ಸ್ಕೂಟರಿನ ಮುಂದೆ ಒಂದು ಮಗು, ನಡುವೆ ಇನ್ನೊಂದು, ಹಿಂದೆ ಶಾಲೆಯ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡ ತಾಯಿ. ಪಕ್ಕದಲ್ಲೇ ಟ್ಯಾಂಕರ್ ಲಾರಿ ಕೆಸರು ಹಾರಿಸುತ್ತಾ ಹೋಗುತ್ತದೆ. ಈ ಮನೆಗಳಿಗೆ ಕಾರು ಬೇಡ ಅಂತಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: "ತಗೊಂಡ್ರೆ ಹೊಸತೇ ತಗೊಳ್ಬೇಕು. ಹಳೆ ಡಬ್ಬ ತಂದು ನಿಲ್ಲಿಸಿದ್ರೆ ಜನ ಏನು ಹೇಳ್ತಾರೆ?"

ಜನ ಏನು ಹೇಳುತ್ತಾರೋ ಅದಕ್ಕೆ ನಾವು ಕೊಡುತ್ತಿರುವ ಬೆಲೆ ಎಷ್ಟು ಎಂಬುದನ್ನು ಈ ವಾರ ಲೆಕ್ಕ ಹಾಕೋಣ.

ಏಳು ಲಕ್ಷ ರೂಪಾಯಿ ಸಾಲ, ಏಳು ವರ್ಷದ ಅವಧಿ, ಶೇ. 9.5ರ ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 11,440 ರೂಪಾಯಿ. ಏಳು ವರ್ಷ ಕಟ್ಟಿ ಮುಗಿಸುವಾಗ ಬಡ್ಡಿಯೇ ಎರಡೂವರೆ ಲಕ್ಷ ದಾಟಿರುತ್ತದೆ. ಬಡ್ಡಿಯ ಬಗ್ಗೆ ನಮ್ಮ ಮನೆಗಳಲ್ಲಿ ಏನು ಹೇಳಿ ಬೆಳೆಸಿದ್ದಾರೆ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿಲ್ಲ. ಆ ಮಾತು ಒತ್ತಟ್ಟಿಗಿರಲಿ, ಬರೀ ವ್ಯಾಪಾರದ ಲೆಕ್ಕದಲ್ಲೇ ನೋಡಿ: ಒಂದು ವರ್ಷ ಕಟ್ಟುವ ಕಂತಿನ ಮೊತ್ತಕ್ಕೆ ಓಡುವ ಸ್ಥಿತಿಯ ಒಂದು ಹಳೆ ಸಣ್ಣ ಕಾರು ಬರುತ್ತದೆ. ಎರಡನೇ ವರ್ಷದಿಂದ ಕಂತೇ ಇಲ್ಲ. ರಿಪೇರಿಗೆ ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಸಾವಿರ ತೆಗೆದಿಟ್ಟರೂ ಉಳಿದದ್ದು ಮಕ್ಕಳ ಫೀಸಿಗಾಯಿತು. ಗಲ್ಫಿನಲ್ಲಿ ದುಡಿಯುವ ಮಗನ ಕೆಲಸ ಹೋದರೂ ಅಂಗಳದಲ್ಲಿರುವ ಕಾರನ್ನು ಯಾರೂ ಬಂದು ಎಳೆದುಕೊಂಡು ಹೋಗುವುದಿಲ್ಲ.

ಹಾಗಂತ ಕಡಿಮೆಗೆ ಸಿಕ್ಕಿತೆಂದು ಯಾವುದೋ ಗಾಡಿಗೆ ಅಡ್ವಾನ್ಸ್ ಕೊಟ್ಟು ಬರುವುದೂ ಬೇಡ. ಹಳೆ ಕಾರು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಊರಿನ ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುವ, ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವ ಗಾಡಿಯೇ ಎಂಬುದನ್ನು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಆದರೆ ಅದರ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಬಿಚ್ಚಿ ಕೂಡಿಸಲು ಬಾರದ ಮೆಕ್ಯಾನಿಕ್ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಕೂಡ ಹಾಗೆಯೇ. ಅದೇ ದುಡ್ಡಿಗೆ ದೊಡ್ಡ ಹೆಸರಿನ ವಿದೇಶಿ ಕಾರೂ ಬರುತ್ತದೆ. ಆದರೆ ಅದರ ಒಂದು ಹೆಡ್‌ಲೈಟಿನ ಬೆಲೆ ಕೇಳಿದ ದಿನ ನಿದ್ದೆ ಬರಲಿಕ್ಕಿಲ್ಲ.

ಗಾಡಿ ನೋಡಲು ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಸುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆಸಿದಂಥ ನೊರೆ ಅಂಟಿದ್ದರೆ ನೀರು ಸೇರಿರುವ ಸಂಶಯ ಉಂಟು, ಅಂಥದ್ದರ ಸಹವಾಸ ಬೇಡ. ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರ್ ತೋರಿಸಿ, ಕ್ಲಚ್ಚು ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ ನಂಬಬೇಕಾದದ್ದು ರಬ್ಬರನ್ನು, ಮೀಟರನ್ನಲ್ಲ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ಹತ್ತು ವರ್ಷದ ಟಯರಿಗೆ ಮಳೆಯಲ್ಲಿ ಹಿಡಿತ ಇರುವುದಿಲ್ಲ. ಹಳೆ ಆಲ್ಟೊ, ಸ್ಯಾಂಟ್ರೊಗಳಲ್ಲಿ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೆಂದು ಕೇಳಲೇಬೇಕು. ಉತ್ತರವಿಲ್ಲದಿದ್ದರೆ ಮನೆಗೆ ತಂದ ವಾರವೇ ಬದಲಾಯಿಸಿ. ಅದು ದಾರಿಯಲ್ಲಿ ತುಂಡಾದರೆ ಗಾಡಿ ಅಲ್ಲೇ ನಿಂತಿತು, ಎಂಜಿನಿನ ಖರ್ಚು ಬೇರೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಶತ್ರು ಉಂಟು, ತುಕ್ಕು. ಒಂದು ಕಡೆ ಕಡಲಿನ ಉಪ್ಪುಗಾಳಿ, ಇನ್ನೊಂದು ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ. ಎಂಜಿನ್ ಕೆಟ್ಟರೆ ರಿಪೇರಿಯಾಗುತ್ತದೆ, ತುಕ್ಕು ತಿಂದ ಚಾಸಿಸ್ ಸರಿಯಾಗುವುದು ಕಷ್ಟ. ಹೊರಗಿನ ಹೊಳಪು ನೋಡಿ ಮರುಳಾಗದೆ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಸ್ಟೆಪ್ನಿ ತೆಗೆದು ಅದರ ಗುಳಿ ನೋಡಿ. ಬಾಗಿಲಿನ ಕೆಳ ಅಂಚಿಗೆ ಬೆರಳು ಹಾಯಿಸಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ತುದಿಯಲ್ಲಿ ಕೆಸರಿನ ಗೆರೆ ಕಂಡೀತು, ಅದು ನೆರೆನೀರಲ್ಲಿ ಮುಳುಗಿ ಎದ್ದು ಬಂದ ಗಾಡಿಯ ಗುರುತು. ತಂದ ಮೇಲೆ ಪ್ರತಿ ಮಳೆಗಾಲದ ಮೊದಲು ಅಡಿಭಾಗಕ್ಕೆ ತುಕ್ಕು ನಿರೋಧಕ ಹೊಡೆಸಿದರೆ ಕಾರಿನ ಆಯಸ್ಸು ಹೆಚ್ಚುತ್ತದೆ.

"ಹದಿನೈದು ವರ್ಷ ಆದ ಕಾರು ಗುಜರಿಗೆ ಹಾಕ್ಬೇಕಂತೆ" ಎಂಬ ಮಾತು ಹಲವರ ಬಾಯಲ್ಲುಂಟು. ವಯಸ್ಸಿನ ಮೇಲೆಯೇ ನಿರ್ಬಂಧ ಹಾಕಿದ್ದು ದೆಹಲಿ ಸುತ್ತಮುತ್ತ. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆದರೆ ಅದರ ಖರ್ಚು ಏರಿದೆ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 5,000 ರೂಪಾಯಿ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಹಸಿರು ತೆರಿಗೆ ಬೇರೆ. ಆರ್‌ಸಿ ಮುಗಿಯಲು ಆರು ತಿಂಗಳಿರುವ ಗಾಡಿಯಾದರೆ ಈ ಮೊತ್ತವನ್ನು ಚೌಕಾಸಿಯಲ್ಲೇ ಕಳೆಯಿರಿ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಯಾವ ದಾಕ್ಷಿಣ್ಯವೂ ಬೇಡ. "ನಮ್ಮವನೇ ಅಲ್ವಾ, ಆಮೇಲೆ ಮಾಡಿಸಿದ್ರಾಯ್ತು" ಎಂದು ಕೀ ಕೊಟ್ಟು ಕಳಿಸುವ ಅಭ್ಯಾಸ ನಮ್ಮಲ್ಲಿ ಬಹಳ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಪ್ರತಿ ಮನೆಗೂ ಗೊತ್ತಿರಲಿ. ಅಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿ ಹೋಗಿತ್ತು, ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಬಂದದ್ದು ಆರ್‌ಸಿಯಲ್ಲಿ ಹೆಸರಿದ್ದವರ ಮೇಲೆ, ಅವರು ಎರಡು ವರ್ಷದ ಹಿಂದೆಯೇ ಮಾರಿದ್ದರೂ! ಆದ್ದರಿಂದ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗದೆ ಕೀ ಕೈಬದಲಾಗಬಾರದು. ಹಿಂದೆ ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯಿರುವ ಫಾರ್ಮ್ 35 ಬೇಕು. ಬಾಕಿ ದಂಡ ಎಷ್ಟುಂಟೆಂದು ಆನ್‌ಲೈನಿನಲ್ಲಿ ನೋಡಿಕೊಳ್ಳಿ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ತಲಪಾಡಿ ದಾಟಿ ಕಾಸರಗೋಡಿನಿಂದ ಕೇರಳ ನೋಂದಣಿಯ ಕಾರು ತರುವವರು ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿದೇ ದರ ಮಾತಾಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರು ಹಾಕಿಸಲೇಬೇಕು.

ಒಂದು ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಹಳೆ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೆದ್ದಾರಿ 66ರಲ್ಲಿ ನೂರರ ವೇಗದಲ್ಲಿ ಓಡಿಸಲು ಇವು ಹೇಳಿದ ಗಾಡಿಗಳಲ್ಲ. ಅರುವತ್ತರಲ್ಲಿ ಹೋಗಿ, ಬ್ರೇಕು, ಟಯರಿನಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ, ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸುವ ಅಭ್ಯಾಸ ಬಿಡಿ. ಆದರೂ ನಾಲ್ಕು ಜನರಿರುವ ಸ್ಕೂಟರಿಗಿಂತ ನಾಲ್ಕು ಚಕ್ರದ ಹಳೆ ಕಾರು ಎಷ್ಟೋ ವಾಸಿ.

ಇಷ್ಟೆಲ್ಲಾ ನೋಡಿ ತಂದ ಕಾರಿನ ಸುಖ ಬೇರೆಯೇ. ಗೀರು ಬಿತ್ತೆಂದು ಎದೆ ಒಡೆಯುವುದಿಲ್ಲ. ಬಂದರಿನ ಓಣಿಯಲ್ಲಿ, ಸೆಂಟ್ರಲ್ ಮಾರ್ಕೆಟಿನ ಸುತ್ತ ಎಲ್ಲಿ ಜಾಗ ಸಿಕ್ಕಿದರೂ ನುಗ್ಗುತ್ತದೆ. ತೆಂಗಿನಕಾಯಿಯ ಗೋಣಿ ಹಾಕಿದರೂ ಬೇಜಾರಿಲ್ಲ, ಮೀನಿನ ಚೀಲ ಇಟ್ಟರೂ ಬೇಜಾರಿಲ್ಲ. ಬಾನೆಟ್ ಎತ್ತಿದರೆ ಯಾವುದು ಪ್ಲಗ್ಗು, ಯಾವುದು ರೇಡಿಯೇಟರ್ ಹೋಸ್ ಎಂಬುದು ಕಣ್ಣಿಗೆ ಕಾಣುತ್ತದೆ. ಆದಿತ್ಯವಾರ ಬೆಳಗ್ಗೆ ಮಗನನ್ನೂ ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿ ಆಯಿಲ್ ಮಟ್ಟ ನೋಡುವುದು ಹೇಗೆಂದು ಕಲಿಸಬಹುದು. ರಾತ್ರಿ ಎರಡು ಗಂಟೆಗೆ ಉಮ್ಮನಿಗೆ ಎದೆನೋವೆಂದರೆ ರಿಕ್ಷಾಕ್ಕೆ ಕಾಯದೆ ದೇರಳಕಟ್ಟೆಗೆ ಹೊರಡಬಹುದು.

ಮನೆಯ ಹೆಣ್ಣುಮಕ್ಕಳು ಡ್ರೈವಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಹೊಸ ಕಾರಾದರೆ "ಎಲ್ಲಾದರೂ ತಾಗಿಸ್ತಾಳೆ" ಎಂದು ಕೀ ಅಡಗಿಸಿಡುವ ಗಂಡಸರು ಹಳೆ ಕಾರಿನ ಕೀ ಕೊಟ್ಟಾರು. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮನೆಯಲ್ಲಿ ಶಾಲೆ, ರೇಶನ್ನು, ಆಸ್ಪತ್ರೆ ಎಲ್ಲದಕ್ಕೂ ನೆರೆಮನೆಯವರ ದಯೆಗೆ ಕಾಯುವ ಸ್ಥಿತಿ ತಪ್ಪುವುದು ಸಣ್ಣ ವಿಷಯವಲ್ಲ.

ಇನ್ನು ಮಾರುವವರಿಗೆ ಒಂದು ಮಾತು. ಹಳೆ ಕಾರಿನ ವ್ಯಾಪಾರ, ಗ್ಯಾರೇಜು, ಗುಜರಿ, ಬಿಡಿಭಾಗದ ಅಂಗಡಿ ನಡೆಸಿ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಸರಕಿನ ದೋಷ ಹೇಳಿ ಮಾರಬೇಕೆಂಬುದು ಮದರಸದಲ್ಲೇ ಕಲಿತ ಪಾಠ. ಮೀಟರ್ ಹಿಂದೆ ತಿರುಗಿಸಿ, ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಮಾರಿದ ಗಾಡಿಯಲ್ಲಿ ಕೂರುವುದು ಒಂದು ಬಡವರ ಮನೆಯ ಮಕ್ಕಳು. ಒಂದು ಗಾಡಿಯಲ್ಲಿ ಹತ್ತು ಸಾವಿರ ಹೆಚ್ಚು ಸಿಕ್ಕೀತು, ಆದರೆ ಹೋದ ಹೆಸರು ಮತ್ತೆ ಬರಲಿಕ್ಕಿಲ್ಲ.

ನೋಡುವವರಿಗೂ ಒಂದು ಮಾತು ಉಂಟು. ಮದುವೆ ಮಾತುಕತೆಯಲ್ಲಿ ಹುಡುಗನ ಅಂಗಳದ ಕಾರು ಯಾವ ಮಾಡೆಲ್ ಎಂದು ಕೇಳುವವರು, ಹುಡುಗಿಯ ಕಡೆಯಿಂದ ಕಾರು ಬಂತೇ ಎಂದು ವಿಚಾರಿಸುವವರು, ಜುಮಾ ಮುಗಿಸಿ ಹೊರಬರುವಾಗ ಪಕ್ಕದವರ ಹಳೆ ಗಾಡಿ ನೋಡಿ ನಗುವವರು, ಇವರೆಲ್ಲ ಸೇರಿಯೇ ಮಧ್ಯಮ ವರ್ಗದ ಮನೆಗಳನ್ನು ಸಾಲಕ್ಕೆ ತಳ್ಳುತ್ತಿರುವುದು. ಬೇರೆಯವರ ಕಣ್ಣಿಗೆ ಚಂದ ಕಾಣಲೆಂದು ಏಳು ವರ್ಷ ಕಂತು ಕಟ್ಟುವವರಿಗಿಂತ, ದುಡಿದ ದುಡ್ಡಿಗೆ ಬಂದ ಹಳೆ ಆಲ್ಟೊದಲ್ಲಿ ಹೆಂಡತಿ ಮಕ್ಕಳನ್ನು ನೆನೆಯದಂತೆ ಕರೆದುಕೊಂಡು ಹೋಗುವವರೇ ನಮ್ಮ ಲೆಕ್ಕದಲ್ಲಿ ಶ್ರೀಮಂತರು.