ಮಂಡ್ಯ ಬರಿಯ ದಾರಿಯೆ?

ಬೆಂಗಳೂರಿನಿಂದ ಮೈಸೂರಿಗೆ ಮೋಟಾರಿನಲ್ಲಿ ಹೋಗುವ ದೊಡ್ಡ ಮನುಷ್ಯರಿಗೆ ಮಂಡ್ಯವೆಂದರೆ ರಸ್ತೆಬದಿಯ ಒಂದು ಫಲಕ. ಮದ್ದೂರೆಂದರೆ ಒಂದು ವಡೆ. ಮಳವಳ್ಳಿಯ ಹೆಸರನ್ನು ಅವರು ಕೇಳಿರುವುದೇ ಅನುಮಾನ. "ಮಂಡ್ಯ ಪಟ್ಟಣವೇನ್ರಿ, ದೊಡ್ಡ ಹಳ್ಳಿ" ಎಂದು ನಗುವವರೂ ಉಂಟು. ನಗಲಿ. ಆದರೆ ನಗುವವರ ಮನೆಯ ನಲ್ಲಿಯ ನೀರು ಯಾವ ತಾಲ್ಲೂಕನ್ನು ಹಾದು ಬರುತ್ತದೆಂಬ ಲೆಕ್ಕವನ್ನು ಒಮ್ಮೆ ಅವರ ಮುಂದಿಡಲೇಬೇಕು.

ಮಳವಳ್ಳಿಯಿಂದಲೇ ತೊಡಗೋಣ. 1902ರಲ್ಲಿ ಈ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಹುಟ್ಟಿದ್ದೇ ತಡ, ತೊಂಬತ್ತು ಮೈಲಿಗೂ ಮಿಕ್ಕಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಅದನ್ನು ಸಾಗಿಸಿದರು. ಚಿನ್ನದ ಲಾಭ ಇಂಗ್ಲಿಷ್ ಕಂಪನಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಜಲಪಾತದ ಸದ್ದು ಕೇಳುವಷ್ಟು ಹತ್ತಿರದ ಹಳ್ಳಿಗಳವರು ಬುಡ್ಡಿ ದೀಪದಲ್ಲೇ ಉಳಿದರು. 1974ರಲ್ಲಿ ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಬೆಂಗಳೂರಿಗೆ ಏರತೊಡಗಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಯಾಯಿತು. ಅದೊಂದರ ಪಾಲೇ ದಿನಕ್ಕೆ 77.5 ಕೋಟಿ ಲೀಟರು. ಬೆಂಗಳೂರಿನ ಕೂಲಿಕಾರನೂ ನಮ್ಮ ಬಾಂಧವನೇ, ಅವನ ಕೊಡ ತುಂಬಲಿ. ಅದಕ್ಕೆ ನಾವು ಹೊಟ್ಟೆಕಿಚ್ಚು ಪಡುವವರಲ್ಲ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿಯ ರೈತ ಸರದಿಯ ನೀರಿಗಾಗಿ ತೂಬಿನ ಬಳಿ ರಾತ್ರಿಯೆಲ್ಲ ಕಾಯಬೇಕಾದದ್ದೇಕೆ? ಮೇಲಕ್ಕೆ ನೀರೆತ್ತಲು ಬಲ್ಲ ಸರ್ಕಾರಕ್ಕೆ ಇಳಿಜಾರಿನಲ್ಲಿ ಹರಿಸಲು ಬಾರದೆ?

ಇನ್ನು ಮಂಡ್ಯ. ಕನ್ನಂಬಾಡಿಯ ಕಟ್ಟೆ, ಆಗ ಇರ್ವಿನ್ ನಾಲೆ ಎನಿಸಿದ್ದ ಈ ಕಾಲುವೆ, 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ, ಈ ಮೂರೇ ಈ ಊರಿನ ತಾಯಿಬೇರು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಕಬ್ಬು ಬಂತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ವಿಶ್ವೇಶ್ವರಯ್ಯನವರನ್ನೂ ಕೋಲ್ಮನ್ ಸಾಹೇಬರನ್ನೂ ನೆನೆಯುವುದು ಸರಿಯೇ. ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ನಾವೂ ನೆನೆದಿದ್ದೇವೆ. ನಾಲೆ ಅಗೆದವರ, ಕುದಿಯುವ ಹಾಲಿನ ಮುಂದೆ ಪಾಳಿ ದುಡಿದವರ ಹೆಸರು ಮಾತ್ರ ಪಠ್ಯಪುಸ್ತಕದಲ್ಲಿರಲಿಲ್ಲ.

ಪೇಟೆಬೀದಿಯ ಅಂಗಡಿಯವರಿಗೆ ಒಂದು ಮಾತು. ಕಾರ್ಖಾನೆಯ ಜಗಳ ಕಾರ್ಮಿಕರದು, ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಅನ್ನುವುದುಂಟು. ನಿಮ್ಮ ಸಾಲದ ಪುಸ್ತಕವನ್ನೇ ತೆರೆದು ನೋಡಿ. ಕಬ್ಬಿನ ಬಿಲ್ಲು ಬಟವಾಡೆಯಾದ ವಾರ ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಮದುವೆ ಕೂಡುತ್ತದೆ, ಹಳೆಯ ಬಾಕಿ ತೀರುತ್ತದೆ. ಬಿಲ್ಲು ನಿಂತಿತೋ, ಊರೇ ಉದ್ದರಿಯಲ್ಲಿ ಬದುಕಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಆಜ್ಞೆಯೇ ಇದೆ. ಗೋದಾಮಿನ ಬಾಡಿಗೆಗೂ ಮಗಳ ಶಾಲೆಯ ಶುಲ್ಕಕ್ಕೂ ಆ ಆಜ್ಞೆಯ ಕಾಗದ ತೋರಿಸಿದರೆ ಯಾರು ಒಪ್ಪುತ್ತಾರೆ? ಕಂಪನಿಯ ಗಾಣ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ತಿರುಗಿತು. ಅದು ತಾನಾಗಿ ತಿರುಗಲಿಲ್ಲ. ಖಾಸಗಿಯವರಿಗೆ ವಹಿಸುವ ಯೋಚನೆಗೆ ರೈತರೂ ಕಾರ್ಮಿಕರೂ ಬೀದಿಗಿಳಿದು ಅಡ್ಡ ನಿಂತದ್ದರಿಂದ ತಿರುಗಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟದ್ದನ್ನು ಕಂಡಮೇಲೂ ಸುಮ್ಮನಿರುವುದು ಹೇಗೆ?

ಮದ್ದೂರಿನ ಕಥೆ ಇನ್ನೊಂದು. 2023ರ ಮಾರ್ಚಿನಲ್ಲಿ ಗೆಜ್ಜಲಗೆರೆಯಲ್ಲಿ ಭಾರಿ ಸಭೆ ನಡೆದು ಹೊಸ ಹೆದ್ದಾರಿ ರಾಷ್ಟ್ರಾರ್ಪಣವಾಯಿತು. ಅದು ಮದ್ದೂರನ್ನೂ ಮಂಡ್ಯವನ್ನೂ ಪಕ್ಕಕ್ಕೆ ತಳ್ಳಿ ಹೋಯಿತು. ಹಳೆಯ ರಸ್ತೆಯ ವಡೆ, ಎಳನೀರು, ಟೀ ಅಂಗಡಿ, ಪಂಕ್ಚರ್ ಅಂಗಡಿಗಳವರು ಗಿರಾಕಿಯ ದಾರಿ ಕಾಯುತ್ತ ಕುಳಿತರು. ಅದೇ ಆಗಸ್ಟಿನಿಂದ ಸ್ಕೂಟರು, ಆಟೋ, ಟ್ರ್ಯಾಕ್ಟರುಗಳು ಆ ರಸ್ತೆಯನ್ನೇ ಹತ್ತಬಾರದೆಂದು ಕಟ್ಟಳೆಯಾಯಿತು. ಜಮೀನು ಬಿಟ್ಟುಕೊಟ್ಟವನ ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ!

ಹೊಟ್ಟೆಯ ಪ್ರಶ್ನೆ ಹೀಗಿರುವಾಗ ನಮ್ಮ ತರುಣರ ಕೈಗೆ ಸಿಕ್ಕಿರುವುದೇನು? 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮುರಿದು ತ್ರಿವರ್ಣ ಧ್ವಜ ಏರಿಸಿದರು. ಆ ಬಾವುಟ ಜಾತಿ ಮತ ಕೇಳದೆ ಜನರನ್ನು ಒಂದು ಮಾಡಿತು. 2024ರ ಜನವರಿಯಲ್ಲಿ ಕೆರಗೋಡಿನಲ್ಲೂ ಒಂದು ಬಾವುಟದ ಗಲಾಟೆ, ಊರು ಎರಡಾಯಿತು. ಅದೇ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣಪತಿಯ ಮೆರವಣಿಗೆಯ ಹೊತ್ತಿಗೆ ಅಂಗಡಿಗಳು ಸುಟ್ಟವು. 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಕಲ್ಲು ತೂರಾಟ, ಲಾಠಿ, ಬಂದ್. ಸುಟ್ಟದ್ದು ಸಣ್ಣ ವ್ಯಾಪಾರಿಯ ಸರಕು. ಬಂದ್ ಆದ ದಿನ ಕೂಲಿ ಹೋದದ್ದು ದುಡಿಯುವವನಿಗೆ. ಭಾಷಣ ಮಾಡಿದವರು ಸಂಜೆಗೆ ಕಾರು ಹತ್ತಿ ಹೋದರು, ಅದೇ ಹೊಸ ಹೆದ್ದಾರಿಯಲ್ಲಿ.

2024ರ ಡಿಸೆಂಬರಿನಲ್ಲಿ 87ನೆಯ ಸಾಹಿತ್ಯ ಸಮ್ಮೇಳನವೂ ಮಂಡ್ಯದಲ್ಲೇ ನೆರೆಯಿತು. ಬಾಡೂಟ ಬೇಕೆ ಬೇಡವೆ ಎಂಬುದರ ಮೇಲೆ ಪತ್ರಿಕೆಗಳು ಕಾಲಂಗಟ್ಟಲೆ ಬರೆದವು. (ಬಾಡೂಟಕ್ಕೆ ನಮ್ಮ ಓಟು ಇದ್ದೇ ಇತ್ತು.) ಕಬ್ಬು ಕಡಿಯುವವರ ಕೂಲಿಯ ಬಗೆಗೆ ಅದರ ಕಾಲುಭಾಗವಾದರೂ ಬರೆಯಬಹುದಿತ್ತು.

ಆದುದರಿಂದ ಓಟು ಕೇಳಲು ಬರುವವರನ್ನು ನಮ್ಮ ಕಾಮಗಾರ ಬಂಧುಗಳೂ ವರ್ತಕ ಮಿತ್ರರೂ ಒಟ್ಟಾಗಿ ನಿಲ್ಲಿಸಿ ಕೇಳಬೇಕು. ಸಕ್ಕರೆ ಕಂಪನಿಯನ್ನು ಸರ್ಕಾರವೇ ನಡೆಸುತ್ತದೆಂಬ ಮಾತು ಬರವಣಿಗೆಯಲ್ಲಿ ಬೇಕು. ಅದರ ಆಡಳಿತ ಮಂಡಲಿಯಲ್ಲಿ ಬೆಳೆಗಾರನಿಗೂ ಕಾರ್ಮಿಕನಿಗೂ ಕುರ್ಚಿ ಬೇಕು. ಹೆದ್ದಾರಿಯಿಂದ ಊರಿನೊಳಕ್ಕೆ ಇಳಿಯುವ ದಾರಿ ನೆಟ್ಟಗಿರಬೇಕು, ಸರ್ವಿಸ್ ರಸ್ತೆಗೆ ರಾತ್ರಿ ದೀಪ ಬೇಕು. ಮಳವಳ್ಳಿಯ ಕೊನೆಯ ತೂಬಿಗೆ ನೀರು ಯಾವ ತಾರೀಖಿಗೆ ಮುಟ್ಟುತ್ತದೆಂದು ನಾಲೆಗೆ ನೀರು ಬಿಡುವ ಮೊದಲೇ ಪಂಚಾಯಿತಿಯ ಬಾಗಿಲಿಗೆ ಬರೆದು ಅಂಟಿಸಬೇಕು.